ಒಂದು ಗಿನಿ ಹಂದಿಯ ಬಾಯಾರಿಕೆ

ಕಳೆದ ಜನವರಿಯ ಕೊನೆಯ ವಾರದಲ್ಲಿ, ಸಾಗರದಲ್ಲಿರುವ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಗೆ ವಿದ್ಯಾರ್ಥಿನಿಯೊಬ್ಬಳು ನೋಟುಪುಸ್ತಕವೊಂದನ್ನು ಹಿಡಿದು ಬಂದಳು. ಈಕೆ ಪ್ರತಿದಿನವೂ ಹೊಸನಗರದಿಂದ ಬಸ್ಸಿನಲ್ಲಿ ಬರುವವಳು. ಪುಸ್ತಕದಲ್ಲಿ ಪಾಠದ ಟಿಪ್ಪಣಿಗಳಿರಲಿಲ್ಲ. ಮನೆಯಲ್ಲಿ ಸಾಕಿದ ‘ಗುಂಡ’ ಎಂಬ ಗಿನಿ ಹಂದಿಯ ತೂಕವನ್ನು ಪ್ರತಿ ಭಾನುವಾರ ಅದರಲ್ಲಿ ಬರೆದಿಟ್ಟಿದ್ದಳು. ನವೆಂಬರಿನ ನಡುವಿನವರೆಗೆ 910 ಗ್ರಾಂ ಆಸುಪಾಸಿನಲ್ಲಿ ನಿಂತಿದ್ದ ತೂಕವು ಮುಂದಿನ ಹನ್ನೊಂದು ವಾರಗಳಲ್ಲಿ 760 ಗ್ರಾಂಗೆ ಇಳಿದಿತ್ತು. ಅದೇ ಅವಧಿಯಲ್ಲಿ ಅದು ಕುಡಿಯುವ ನೀರು ದಿನಕ್ಕೆ 25 ಮಿಲಿಲೀಟರಿನಿಂದ 120ರ ಹತ್ತಿರಕ್ಕೆ ಏರಿತ್ತು.

“ಸರ್, ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಶುರುವಾದದ್ದೂ ಹೀಗೆಯೇ ಅಂತೆ. ಮೈ ಇಳಿಯಿತು, ನೀರು ಎಷ್ಟು ಕುಡಿದರೂ ಸಾಲದು. ಅಜ್ಜ ತಮ್ಮ ಇನ್ಸುಲಿನ್‌ನಲ್ಲೇ ಸ್ವಲ್ಪ ಗುಂಡನಿಗೂ ಕೊಟ್ಟು ನೋಡೋಣ ಅಂತಾರೆ. ಕೊಡಬಹುದಾ?”

ಮನೆಯಲ್ಲಿ ಈ ಮಾತಿಗೆ ಅರ್ಧ ಒಪ್ಪಿಗೆಯೂ ಆಗಿತ್ತೆಂದು ಆಮೇಲೆ ತಿಳಿಯಿತು. ಹಸು ಎಮ್ಮೆಗಳ ಚಿಕಿತ್ಸೆಯಲ್ಲಿ ಪಳಗಿದ ಅಲ್ಲಿನ ಪಶುವೈದ್ಯರು, ಇಂತಹ ಸಣ್ಣ ಪ್ರಾಣಿಗಳನ್ನು ನೋಡುವವರಿಗೆ ಶಿವಮೊಗ್ಗದಲ್ಲಿ ತೋರಿಸಿರೆಂದು ಸಲಹೆ ಕೊಟ್ಟಿದ್ದರು. ಆ ಭೇಟಿಗೆ ಇನ್ನೂ ಹತ್ತು ದಿನಗಳಿದ್ದವು. ಅಲ್ಲಿಯವರೆಗೆ ಒಂದು ತೊಟ್ಟು ಇನ್ಸುಲಿನ್ನನ್ನೂ ಕೊಡಕೂಡದೆಂದು ಹೇಳಿ, ಆ ಹತ್ತು ದಿನಗಳನ್ನು ಅಳತೆಗೆ ಬಳಸಿಕೊಳ್ಳಲು ನಾವು ನಿಶ್ಚಯಿಸಿದೆವು. ಮಧುಮೇಹವಿಲ್ಲದ ಮುಕ್ಕಾಲು ಕಿಲೋ ತೂಕದ ಪ್ರಾಣಿಗೆ ಮನುಷ್ಯನ ಅಂದಾಜಿನಲ್ಲಿ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಕುಸಿದು ಅದು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಪ್ರಾಣಿಯ ಜೀವವು ನಮ್ಮ ಲೆಕ್ಕದ ಮೇಲೆ ನಿಂತಿತ್ತೆಂದರೆ ಅತಿಶಯೋಕ್ತಿಯಾಗದು.

ಹೆಸರಿನಲ್ಲಿ ಹಂದಿಯಿದ್ದರೂ ಇದು ಇಲಿ ಅಳಿಲುಗಳಂತೆ ದಂಶಕ ವರ್ಗದ ಪ್ರಾಣಿ. ಗಿನಿ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಹುಲ್ಲೇ ಇದರ ಸಹಜ ಆಹಾರ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ಅದನ್ನು ಕೆಲವು ದಿನ ಮರೆತಿದ್ದೆವು.

ಮೊದಲು ನೀರಿನ ಸಂಗತಿ. ಗುಂಡನ ಗೂಡಿಗೆ 250 ಮಿಲಿಲೀಟರಿನ ಸೀಸೆಯೊಂದನ್ನು ತಲೆಕೆಳಗಾಗಿ ಕಟ್ಟಿದ್ದರು. ಅದರ ಕೊಳವೆಯ ತುದಿಯಲ್ಲಿ ಉಕ್ಕಿನ ಗುಂಡೊಂದಿದೆ. ಪ್ರಾಣಿ ನಾಲಿಗೆಯಿಂದ ಅದನ್ನು ತಳ್ಳಿದಾಗ ನೀರು ಬರುತ್ತದೆ. ಸೀಸೆಯಲ್ಲಿ ದಿನಕ್ಕೆ 118 ಮಿಲಿಲೀಟರ್ ನೀರು ಕಡಮೆಯಾಗುತ್ತಿದ್ದುದು ನಿಜ. ಆದರೆ ಸೀಸೆ ಕಳೆದುಕೊಂಡ ನೀರೆಲ್ಲವನ್ನೂ ಪ್ರಾಣಿ ಕುಡಿಯಿತೆಂದು ಹೇಳಲು ಆಧಾರವೇನು? ಇನ್ನೊಂದು ಅಂತಹುದೇ ಸೀಸೆಯನ್ನು ಅದೇ ಕೋಣೆಯಲ್ಲಿ ಖಾಲಿ ಗೂಡೊಂದಕ್ಕೆ ಕಟ್ಟಿಸಿದೆವು. ಯಾರೂ ಮುಟ್ಟದ ಆ ಸೀಸೆಯಲ್ಲಿಯೂ ದಿನಕ್ಕೆ 11 ಮಿಲಿಲೀಟರ್ ಇಳಿಯಿತು!

ಇದರ ಕಾರಣವನ್ನು ಪ್ರಥಮ ವರ್ಷದ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ತಲೆಕೆಳಗಾದ ಸೀಸೆಯಲ್ಲಿ ನೀರು ನಿಂತಿರುವುದು ಹೊರಗಿನ ವಾಯುವಿನ ಒತ್ತಡದಿಂದ. ನೀರಿನ ಮೇಲ್ಗಡೆ ಸೀಸೆಯೊಳಗೆ ಸಿಕ್ಕಿಕೊಂಡ ಗಾಳಿಯಿದೆ. ಅದರ ಗಾತ್ರ 120 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಜನವರಿಯಲ್ಲಿ ಆ ಕೋಣೆಯ ಉಷ್ಣತೆ ಬೆಳಗಿನ ಜಾವ 14 ಡಿಗ್ರಿ, ಮಧ್ಯಾಹ್ನ 29 ಡಿಗ್ರಿ ಸೆಲ್ಸಿಯಸ್. ಚಾರ್ಲ್ಸ್ ನಿಯಮದಂತೆ, 287 ಕೆಲ್ವಿನ್‌ನಲ್ಲಿರುವ ಗಾಳಿ 15 ಡಿಗ್ರಿ ಬಿಸಿಯಾದಾಗ ಅದರ ಗಾತ್ರ 120ನ್ನು 15ರಿಂದ ಗುಣಿಸಿ 287ರಿಂದ ಭಾಗಿಸಿದಷ್ಟು, ಎಂದರೆ 6 ಮಿಲಿಲೀಟರಿಗೆ ತುಸು ಹೆಚ್ಚು ಹಿಗ್ಗುವುದು. ಜೊತೆಗೆ ನೀರಾವಿಯ ಒತ್ತಡವೂ 12 ಮಿಲಿಮೀಟರ್ ಪಾದರಸದಿಂದ 30ಕ್ಕೆ ಏರುವುದರಿಂದ ಇನ್ನೂ ಸುಮಾರು 3 ಮಿಲಿಲೀಟರ್ ಸೇರುತ್ತದೆ. ಹಿಗ್ಗಿದ ಗಾಳಿ ಅಷ್ಟೇ ನೀರನ್ನು ಹೊರಕ್ಕೆ ತಳ್ಳುತ್ತದೆ. ರಾತ್ರಿ ಕುಗ್ಗಿದಾಗ ಕೊಳವೆಯಿಂದ ಹೊಸ ಗಾಳಿ ಒಳಸೇರುತ್ತದೆ. ಮರುದಿನ ಮತ್ತೆ ಅದೇ ಕಥೆ. ಲೆಕ್ಕದ 9ಕ್ಕೂ ಅಳತೆಯ 11ಕ್ಕೂ ಇರುವ ಅಂತರ, ಕೊಳವೆಯ ತುದಿಯಲ್ಲಿ ಆವಿಯಾಗಿ ಹೋದುದಿರಬೇಕು. ಗುಂಡನು ಆಟವಾಡುತ್ತ ಚೆಲ್ಲಿದ ನೀರನ್ನು ತಟ್ಟೆಯೊಂದರಲ್ಲಿ ಹಿಡಿದು ಅಳೆದಾಗ ಅದು 14 ಮಿಲಿಲೀಟರ್ ಆಯಿತು. ಇವೆರಡನ್ನೂ ಕಳೆದರೆ ಉಳಿಯುವುದು 93.

ಬಾಯಾರಿಕೆಯ ಐದನೆಯ ಒಂದು ಭಾಗ ಹೀಗೆ ಕರಗಿತು. ಆದರೂ 93 ಎಂಬುದು 25ಕ್ಕಿಂತ ಬಹಳ ಹೆಚ್ಚು, ಸಂದೇಹ ಉಳಿಯಿತು.

ಇನ್ನು ಸಕ್ಕರೆಯ ಪರೀಕ್ಷೆ. ಮೂತ್ರದಲ್ಲಿ ಸಿಹಿಯಿರುವ ಕಾಯಿಲೆಯನ್ನು ನಮ್ಮ ಪ್ರಾಚೀನ ವೈದ್ಯರು ಮಧುಮೇಹವೆಂದು ಕರೆದರು. 1776ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಆವಿಮಾಡಿ, ಉಳಿದ ಗಷ್ಟು ಸಕ್ಕರೆಯೇ ಎಂದು ತೋರಿಸಿದನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. ಸಕ್ಕರೆಯು ಮೂತ್ರಪಿಂಡದ ಮೂಲಕ ಸೋರಿಹೋಗುವಾಗ ತನ್ನೊಡನೆ ನೀರನ್ನೂ ಸೆಳೆದೊಯ್ಯುತ್ತದೆ, ಆದುದರಿಂದಲೇ ಬಾಯಾರಿಕೆ. ಉಂಡದ್ದು ಮೈಗೆ ಹತ್ತದೆ ಹೋಗುತ್ತದೆ. ಆದುದರಿಂದ ತೂಕ ಇಳಿಯುತ್ತದೆ. ಅಜ್ಜನ ಊಹೆ ನಿರಾಧಾರವಾದುದೇನಲ್ಲ. ಗಿನಿ ಹಂದಿಗಳಿಗೂ ಮಧುಮೇಹ ಬರುವುದುಂಟು. ಆದರೆ ಅವುಗಳಲ್ಲಿ ಇನ್ಸುಲಿನ್ನಿನ ರಚನೆಯೇ ವಿಚಿತ್ರ: ಮಾನವನ ಇನ್ಸುಲಿನ್ನಿನಲ್ಲಿರುವ 51 ಅಮೈನೋ ಆಮ್ಲಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಗಿನಿ ಹಂದಿಯಲ್ಲಿ ಬೇರೆಯಾಗಿವೆ.

ರಸಾಯನವಿಜ್ಞಾನದ ಸಹೋದ್ಯೋಗಿಗಳಿಂದ ಬೆನೆಡಿಕ್ಟ್ ದ್ರಾವಣವನ್ನು ಪಡೆದೆವು. ಇದರ ನೀಲಿ ಬಣ್ಣ ತಾಮ್ರದ್ದು. ಅಡಕೆಗೆ ಕೊಳೆರೋಗ ತಗಲದಂತೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೇ ಇಲ್ಲಿಯೂ ಇದೆ. ಗ್ಲೂಕೋಸ್ ಇರುವ ಮೂತ್ರದೊಡನೆ ಕಾಯಿಸಿದರೆ ತಾಮ್ರವು ಅಪಕರ್ಷಣಗೊಂಡು, ಸಕ್ಕರೆಯ ಪ್ರಮಾಣಕ್ಕೆ ಅನುಸಾರವಾಗಿ ಹಸಿರು, ಹಳದಿ ಅಥವಾ ಇಟ್ಟಿಗೆ ಕೆಂಪು ಬಣ್ಣ ಬರುತ್ತದೆ. ಗುಂಡನ ಮೂತ್ರ ಹಳದಿ ಬೆರೆತ ಹಸಿರನ್ನು ತೋರಿಸಿತು. ಹುಡುಗಿಯ ಮುಖ ಸಪ್ಪಗಾಯಿತು. ನಮಗೂ ಹಾಗೆಯೇ ಆಯಿತೆಂದು ಒಪ್ಪಿಕೊಳ್ಳಬೇಕು.

ಸಂಜೆ, ಔಷಧಿ ಅಂಗಡಿಯಲ್ಲಿ ದೊರೆಯುವ ಗ್ಲೂಕೋಸ್ ಪರೀಕ್ಷೆಯ ಪಟ್ಟಿಯನ್ನು ಅದೇ ಮೂತ್ರದಲ್ಲಿ ಅದ್ದಿದೆವು. ಪಟ್ಟಿಯ ಬಣ್ಣ ಬದಲಾಗಲೇ ಇಲ್ಲ: ಸಕ್ಕರೆ ಇಲ್ಲ!

ಒಂದೇ ಮೂತ್ರ, ಒಂದು ಪರೀಕ್ಷೆ ಉಂಟೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ಇಂತಹ ಸಂದರ್ಭದಲ್ಲಿ ನಮಗೆ ಇಷ್ಟವಾದ ಉತ್ತರವನ್ನು ಕೊಟ್ಟ ಪರೀಕ್ಷೆಯನ್ನು ನಂಬುವುದು ಮನುಷ್ಯ ಸ್ವಭಾವ. ನಾವು ಹುಡುಗಿಯನ್ನು ಬೇರೊಂದು ಪ್ರಶ್ನೆ ಕೇಳಿದೆವು: “ಅದಕ್ಕೆ ಮೇವಿನ ಜೊತೆಗೆ ಮತ್ತೇನಾದರೂ ಕೊಡುತ್ತೀರೇನಮ್ಮ?” ಡಿಸೆಂಬರಿನಿಂದ ದಿನಕ್ಕೆ ಅರ್ಧ ಜೀವಸತ್ವ ‘ಸಿ’ ಮಾತ್ರೆಯನ್ನು ಪುಡಿಮಾಡಿ ಸೌತೆಕಾಯಿ ಹೋಳಿನ ಮೇಲೆ ಉದುರಿಸಿ ಕೊಡುತ್ತಿದ್ದಳಂತೆ. ಅರ್ಧ ಮಾತ್ರೆಯೆಂದರೆ 250 ಮಿಲಿಗ್ರಾಂ.

ಅವಳು ಓದಿ ತಿಳಿದುದು ಸರಿಯೇ. ಬಹುಪಾಲು ಪ್ರಾಣಿಗಳು ಜೀವಸತ್ವ ‘ಸಿ’ಯನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಮಂಗಗಳಿಗೂ ಗಿನಿ ಹಂದಿಗೂ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಗಿನಿ ಹಂದಿಗಳಿಗೆ ಬರಿಯ ಧಾನ್ಯವನ್ನು ತಿನ್ನಿಸಿದಾಗ ಅವುಗಳಿಗೆ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಬಂದಿತು. ಆದರೆ ಗಿನಿ ಹಂದಿಗೆ ಬೇಕಾದುದು ಕಿಲೋ ತೂಕಕ್ಕೆ ದಿನವೊಂದಕ್ಕೆ 10ರಿಂದ 30 ಮಿಲಿಗ್ರಾಂ ಮಾತ್ರ. ಗುಂಡನಿಗೆ ಅದರ ಹತ್ತು ಪಾಲಿಗೂ ಹೆಚ್ಚು ಸಿಗುತ್ತಿತ್ತು. ಮಿಕ್ಕಿದುದರಲ್ಲಿ ಒಂದು ಭಾಗ ಮೂತ್ರದಲ್ಲಿ ಹೋಗುತ್ತದೆ.

ಜೀವಸತ್ವ ‘ಸಿ’ಯೂ ಗ್ಲೂಕೋಸಿನಂತೆಯೇ ತಾಮ್ರವನ್ನು ಅಪಕರ್ಷಿಸುತ್ತದೆ. ಸಕ್ಕರೆಯಿಲ್ಲದಿದ್ದರೂ ಅದು ಬೆನೆಡಿಕ್ಟ್ ದ್ರಾವಣವನ್ನು ಹಸಿರಾಗಿಸಬಲ್ಲುದು. ಪಟ್ಟಿಯ ಸಂಗತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕಿಣ್ವವೊಂದು ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡನ್ನು ಉತ್ಪಾದಿಸಿ, ಆ ಪೆರಾಕ್ಸೈಡ್ ಬಣ್ಣವನ್ನು ಬದಲಿಸಬೇಕು. ಜೀವಸತ್ವ ‘ಸಿ’ ಅಡ್ಡಬಂದು ಆ ಕ್ರಿಯೆಯನ್ನು ಕೆಡಿಸುತ್ತದೆ. ಹಲವು ಬಗೆಯ ಪಟ್ಟಿಗಳು ಸಕ್ಕರೆ ಇದ್ದರೂ ಇಲ್ಲವೆನ್ನುತ್ತವೆ. ಒಂದೇ ಪದಾರ್ಥ ಒಂದು ಪರೀಕ್ಷೆಯನ್ನು ‘ಹೌದು’ ಎಂಬ ಕಡೆಗೂ ಇನ್ನೊಂದನ್ನು ‘ಅಲ್ಲ’ ಎಂಬ ಕಡೆಗೂ ತಪ್ಪಿಸುತ್ತಿತ್ತು. ಆದುದರಿಂದ ಎರಡನ್ನೂ ನಂಬುವಂತಿರಲಿಲ್ಲ.

ಮೂರನೆಯ ಸಾಕ್ಷಿಯಾಗಿ ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಕರೆದೆವು. ಯೀಸ್ಟ್ ಗ್ಲೂಕೋಸನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಜೀವಸತ್ವ ‘ಸಿ’ಯಿಂದ ಅದಕ್ಕೆ ಅಂತಹ ಅನಿಲವನ್ನು ಮಾಡಲಾಗದು. ಕುದಿಸಿ ಆರಿಸಿದ ಮೂತ್ರಕ್ಕೆ—ಗಿನಿ ಹಂದಿಯ ಮೂತ್ರ ಕ್ಷಾರೀಯವಾದುದರಿಂದ—ಒಂದೆರಡು ಹನಿ ವಿನಿಗರ್ ಸೇರಿಸಿ, ಯೀಸ್ಟ್ ಬೆರೆಸಿ, ಪ್ರನಾಳದಲ್ಲಿ ತುಂಬಿದೆವು. ಅದರೊಳಗೆ ಮತ್ತೊಂದು ಸಣ್ಣ ನಳಿಕೆಯನ್ನು ಬೋರಲಾಗಿ ಮುಳುಗಿಸಿದೆವು. ಅನಿಲ ಹುಟ್ಟಿದರೆ ಆ ನಳಿಕೆಯ ತಲೆಯಲ್ಲಿ ಸೇರಬೇಕು. ಎರಡನೆಯ ಪ್ರನಾಳದಲ್ಲಿ ಅದೇ ಮೂತ್ರಕ್ಕೆ ಚಿಟಿಕೆ ಗ್ಲೂಕೋಸ್ ಸೇರಿಸಿದೆವು. ಮೂರನೆಯದರಲ್ಲಿ ಬರಿಯ ನೀರು ಮತ್ತು ಯೀಸ್ಟ್. ಬೆಚ್ಚಗಿನ ನೀರಿನಲ್ಲಿ ನಾಲ್ಕು ಗಂಟೆಗಳ ಕಾಲ ಇಟ್ಟಾಗ ಎರಡನೆಯದರಲ್ಲಿ ಬೆರಳುಗುರಿನಷ್ಟು ಅನಿಲ ಕೂಡಿತು. ಒಂದನೆಯದೂ ಮೂರನೆಯದೂ ಹಾಗೆಯೇ ಇದ್ದವು. ಎರಡನೆಯ ಪ್ರನಾಳವಿಲ್ಲದಿದ್ದರೆ ಈ ಪರೀಕ್ಷೆಗೆ ಬೆಲೆಯಿಲ್ಲ. ಗುಂಡನ ಮೂತ್ರವೇ ಯೀಸ್ಟನ್ನು ಕೊಂದಿತೆಂದು ಯಾರಾದರೂ ಆಕ್ಷೇಪಿಸಬಹುದಾಗಿತ್ತು. ಮಾತ್ರೆಯನ್ನು ಮೂರು ದಿನ ನಿಲ್ಲಿಸಿದ ಮೇಲೆ ಬೆನೆಡಿಕ್ಟ್ ದ್ರಾವಣ ನೀಲಿಯಾಗಿಯೇ ಉಳಿಯಿತು. ಆ ದಿನದ ಮೂತ್ರದಲ್ಲಿ ಹೊಸ ಪಟ್ಟಿಯೂ ಬದಲಾಗಲಿಲ್ಲ. ಸಕ್ಕರೆ ಇರಲಿಲ್ಲ.

ಈ ನಡುವೆ ಹೊಸನಗರದ ನೆರೆಹೊರೆಯವರು ಬೇರೊಂದು ಹೆದರಿಕೆಯನ್ನು ಎಬ್ಬಿಸಿದ್ದರು: ಇದು ಮಂಗನ ಕಾಯಿಲೆಯಲ್ಲವಷ್ಟೆ? ಅವರನ್ನು ನೋಡಿ ನಗುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಹೊಸದೊಂದು ವೈರಸ್ಸನ್ನೂ, ಅದನ್ನು ಹರಡುವ ಉಣುಗನ್ನೂ ಪತ್ತೆಮಾಡಿದರು. ಆ ಕಾಡಿನ ಹೆಸರೇ ರೋಗದ ಹೆಸರಾಯಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಪ್ರಾಣ ತೆಗೆದುದನ್ನು ಇಲ್ಲಿಯವರು ಮರೆತಿಲ್ಲ. ಆದರೆ ಅದರ ಲಕ್ಷಣ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವೊಮ್ಮೆ ರಕ್ತಸ್ರಾವ. ತಿಂಗಳುಗಟ್ಟಲೆ ಬಾಯಾರಿ ಸೊರಗುವುದಲ್ಲ. ಗುಂಡನ ಮೈಯಲ್ಲಿ ಒಂದು ಉಣುಗೂ ಸಿಗಲಿಲ್ಲ.

ಆದರೂ ಈ ಮಾತುಕತೆಯಿಂದ ಒಂದು ಮುಖ್ಯ ಸಂಗತಿ ಹೊರಬಿತ್ತು. ನವೆಂಬರಿನ ಮೊದಲ ವಾರ ಮನೆಯ ಮಾಲೀಕರು ಹಿತ್ತಿಲಿಗೆ ಸಿಮೆಂಟ್ ಹಾಕಿಸಿದ್ದರು. ಅಲ್ಲಿ ಬೆಳೆಯುತ್ತಿದ್ದ ಹುಲ್ಲು ಅಂದಿಗೆ ಮುಗಿಯಿತು. ಕಾಡಿನಂಚಿನಿಂದ ಹುಲ್ಲು ತರೋಣವೆಂದರೆ, ನವೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಕಾಲ, ಅಜ್ಜ ಬೇಡವೆಂದರು. ಅಂದಿನಿಂದ ಗುಂಡನ ಊಟ ಅಂಗಡಿಯ ಗುಳಿಗೆ ಮೇವು, ಎರಡು ಹೋಳು ಸೌತೆಕಾಯಿ. ನೋಟುಪುಸ್ತಕದಲ್ಲಿ ತೂಕ ಇಳಿಯತೊಡಗಿದ್ದು ಇದಾದ ಒಂದೆರಡು ವಾರಗಳಿಗೆ.

ಗುಂಡನ ಒಡಹುಟ್ಟಿದ ಪ್ರಾಣಿಯೊಂದು ತೀರ್ಥಹಳ್ಳಿಯ ಹತ್ತಿರ ಹುಡುಗಿಯ ಚಿಕ್ಕಮ್ಮನ ಮನೆಯಲ್ಲಿದೆ ಎಂಬುದು ನಮ್ಮ ಭಾಗ್ಯ. ಅಲ್ಲಿ ನೀರು ಹಾಯಿಸುವ ಅಡಕೆ ತೋಟವಿದೆ. ಬೇಸಗೆಯಲ್ಲಿಯೂ ಹಸಿ ಹುಲ್ಲಿಗೆ ಬರವಿಲ್ಲ. ಆ ಪ್ರಾಣಿಯ ತೂಕ 960 ಗ್ರಾಂ. ಅದು ಸೀಸೆಯಿಂದ ಕುಡಿಯುವುದು ದಿನಕ್ಕೆ 22 ಮಿಲಿಲೀಟರ್ ಮಾತ್ರ. ತಿನ್ನುವುದು 220 ಗ್ರಾಂ ಹುಲ್ಲು. ಚಿಕ್ಕಮ್ಮ ಕಳಿಸಿದ ಹುಲ್ಲಿನಿಂದ 100 ಗ್ರಾಂ ತೆಗೆದು, ತೂಕ ಬದಲಾಗದೆ ನಿಲ್ಲುವವರೆಗೆ ಪ್ರಯೋಗಶಾಲೆಯ ಒಲೆಯಲ್ಲಿ ಒಣಗಿಸಿದೆವು. ಉಳಿದದ್ದು 21 ಗ್ರಾಂ. ಎಂದರೆ ಹುಲ್ಲಿನಲ್ಲಿ ನೂರಕ್ಕೆ 79 ಪಾಲು ನೀರೇ!

ಈಗ ಲೆಕ್ಕವನ್ನು ಹೊಸದಾಗಿ ಬರೆಯೋಣ. ತೀರ್ಥಹಳ್ಳಿಯ ಪ್ರಾಣಿಗೆ ಹುಲ್ಲಿನಿಂದ 174, ಸೀಸೆಯಿಂದ 22. ಒಟ್ಟು 196 ಮಿಲಿಲೀಟರ್. ಗುಂಡನಿಗೆ ಸೀಸೆಯಿಂದ 93, ಸೌತೆಕಾಯಿಯಿಂದ 19, ಗುಳಿಗೆ ಮೇವಿನಿಂದ 3, ಒಟ್ಟು 115. ಬಾಯಾರಿಕೆಯ ರೋಗಿಯೆಂದು ನಾವು ತಿಳಿದವನಿಗೆ, ಆರೋಗ್ಯವಾಗಿದ್ದ ತನ್ನ ಒಡಹುಟ್ಟಿಗಿಂತ ಕಡಮೆ ನೀರು ಸಿಗುತ್ತಿತ್ತು! ಮೊದಲು ಮೇವಿನೊಳಗೆ ಅಡಗಿ ಬರುತ್ತಿದ್ದ ನೀರು ಈಗ ಕಣ್ಣಿಗೆ ಕಾಣುವಂತೆ ಸೀಸೆಯಿಂದ ಬರುತ್ತಿತ್ತು, ಅಷ್ಟೆ.

ಹಾಗಾದರೆ ತೂಕ ಏಕೆ ಇಳಿಯಿತು? ಇಲ್ಲಿ ನಮ್ಮ ಪೂರ್ವಜನೊಬ್ಬನನ್ನು ನೆನೆಯಬೇಕು. 1780ರ ದಶಕದ ಆರಂಭದಲ್ಲಿ ಪ್ಯಾರಿಸಿನಲ್ಲಿ ಲವಾಸಿಯೆ, ಗಣಿತಜ್ಞ ಲಾಪ್ಲಾಸನೊಡನೆ ಸೇರಿ, ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಗಿನಿ ಹಂದಿಯೊಂದನ್ನು ಕೂರಿಸಿದನು. ಹತ್ತು ಗಂಟೆಗಳಲ್ಲಿ ಅದರ ಮೈಶಾಖಕ್ಕೆ 13 ಔನ್ಸ್, ಎಂದರೆ ಸುಮಾರು 400 ಗ್ರಾಂ ಮಂಜು ಕರಗಿತು. ಗ್ರಾಂ ಒಂದಕ್ಕೆ 80 ಕ್ಯಾಲರಿಯಂತೆ ಇದು 32 ಕಿಲೋಕ್ಯಾಲರಿ. ಪ್ರಾಣಿಯು ಸುಮಾರು 3.7 ವಾಟ್ ಶಕ್ತಿಯ ಪುಟ್ಟ ಒಲೆಯೆಂದಾಯಿತು. ಉಸಿರಾಟವೂ ಒಂದು ಬಗೆಯ ದಹನವೇ ಎಂಬುದನ್ನು ಅವರು ಹೀಗೆ ಅಳತೆಯಿಂದ ತೋರಿಸಿದರು. ಒಲೆಗೆ ಸೌದೆ ಕಡಮೆಯಾದರೆ ಅದು ಮನೆಯ ತೊಲೆಯನ್ನೇ ಸುಡುತ್ತದೆ. ಗುಂಡ 77 ದಿನಗಳಲ್ಲಿ 150 ಗ್ರಾಂ ಕಳೆದುಕೊಂಡಿದ್ದನು. ದಿನಕ್ಕೆ ಸುಮಾರು 2 ಗ್ರಾಂ. ಅದೆಲ್ಲ ಕೊಬ್ಬೆಂದೇ ಎಣಿಸಿದರೂ ದಿನದ ಕೊರತೆ 18 ಕಿಲೋಕ್ಯಾಲರಿ, ಸಣ್ಣ ಚಮಚ ಸಕ್ಕರೆಯಲ್ಲಿರುವಷ್ಟು. ಇಂತಹ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಭಾನುವಾರದ ತಕ್ಕಡಿಗೆ ಕಾಣುತ್ತದೆ.

ಹಾಕಿದ ಮೇವನ್ನೂ ಮಿಕ್ಕಿದುದನ್ನೂ ತೂಗಿಸಿದೆವು. ತಟ್ಟೆಗೆ ಹಾಕಿದ 60 ಗ್ರಾಂನಲ್ಲಿ ಹೊಟ್ಟೆಗೆ ಸೇರುತ್ತಿದ್ದುದು 30 ಮಾತ್ರ. ಉಳಿದದ್ದು ಅರ್ಧ ಕಚ್ಚಿ ಬಿಟ್ಟ ಚೂರುಗಳಾಗಿ ಕೆಳಗೆ ಬಿದ್ದಿರುತ್ತಿತ್ತು. ಮಧುಮೇಹಿಯಾದರೆ ಹೊಟ್ಟೆಬಾಕನಂತೆ ತಿಂದೂ ಸೊರಗಬಹುದು; ಇವನು ತಟ್ಟೆಗೆ ಓಡಿ ಬರುತ್ತಾನೆ, ಬಾಯಿಗೆ ಹಾಕುತ್ತಾನೆ, ಬಿಡುತ್ತಾನೆ. ಗಲ್ಲದ ಕೂದಲು ಜೊಲ್ಲಿನಿಂದ ಒದ್ದೆಯಾಗಿರುತ್ತದೆಂದು ಅಜ್ಜ ಎಂದೋ ಹೇಳಿದ್ದರಂತೆ. ಸೀಸೆಯೊಳಗೆ ನೋಡುವುದರಲ್ಲಿ ಮಗ್ನರಾದ ನಾವು ಬಾಯೊಳಗೆ ನೋಡುವ ಯೋಚನೆಯನ್ನೇ ಮಾಡಿರಲಿಲ್ಲ.

ಶಿವಮೊಗ್ಗದ ವೈದ್ಯರು ಮೊದಲು ಮಾಡಿದ್ದು ಅದನ್ನೇ. ಗಿನಿ ಹಂದಿಯ ಇಪ್ಪತ್ತು ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಿರುತ್ತವೆ. ಒರಟು ಹುಲ್ಲನ್ನು ಬಹಳ ಹೊತ್ತು ಅರೆಯುವುದರಿಂದಲೇ ಅವು ಸವೆದು ಅಳತೆಯಲ್ಲಿರುತ್ತವೆ. ಗುಳಿಗೆ ಮೇವಿಗೆ ಅಷ್ಟು ಅರೆತ ಬೇಡ. ಮುಂದಿನ ಬಾಚಿಹಲ್ಲುಗಳು ಚೆನ್ನಾಗಿಯೇ ಇದ್ದವು. ಸಣ್ಣ ದೀಪದ ಕೊಳವೆಯಿಂದ ನೋಡಿದಾಗ ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ಬೆಳೆದು ನಾಲಿಗೆಯ ಮೇಲೆ ಸೇತುವೆಯಂತೆ ಬಾಗಿದ್ದವು. ನುಂಗಲು ಹೋದರೆ ನೋವು. ರಕ್ತದಲ್ಲಿ ಸಕ್ಕರೆಯೂ, ಮೂತ್ರಪಿಂಡದ ಪರೀಕ್ಷೆಯೂ ಸಹಜವಾಗಿದ್ದವು. ವೈದ್ಯರು ಮಂಪರು ಔಷಧಿ ಕೊಟ್ಟು ಹಲ್ಲುಗಳನ್ನು ಅರದಿಂದ ತೇಯ್ದು ಸರಿಪಡಿಸಿದರು. ಹಲ್ಲು ಮತ್ತೆ ಬೆಳೆಯಬಹುದು, ಹುಲ್ಲು ಕೊಡಿ, ಎರಡು ತಿಂಗಳಿಗೊಮ್ಮೆ ಕರೆತನ್ನಿ ಎಂದರು.

ಮಳೆಗಾಲದವರೆಗೆ ತೀರ್ಥಹಳ್ಳಿಯ ತೋಟದಿಂದ ವಾರಕ್ಕೆರಡು ಬಾರಿ ಬಸ್ಸಿನಲ್ಲಿ ಹುಲ್ಲಿನ ಕಟ್ಟು ಬರುತ್ತಿತ್ತು. ಈಗ ಅಜ್ಜನೇ ಪ್ರತಿ ಸಂಜೆ ಕತ್ತಿ ಹಿಡಿದು ಊರೊಳಗಿನ ಗದ್ದೆಯ ಬದುವಿಗೆ ಹೋಗಿ ಬರುತ್ತಾರೆ. ಮಾತ್ರೆ ನಿಂತಿದೆ, ವಾರಕ್ಕೆರಡು ಸಲ ಸೀಬೆ ಹಣ್ಣಿನ ಹೋಳು ಕೊಡುತ್ತಾರೆ. ಜುಲೈ ತಿಂಗಳ ಮೊದಲ ಭಾನುವಾರ ಗುಂಡನ ತೂಕ 885 ಗ್ರಾಂ. ಸೀಸೆಯಲ್ಲಿ ದಿನಕ್ಕೆ ಕಡಮೆಯಾಗುವ ನೀರು 31 ಮಿಲಿಲೀಟರ್. ಹಗಲು ರಾತ್ರಿಗಳ ಉಷ್ಣತೆಯ ಅಂತರ ಮಳೆಯಲ್ಲಿ ನಾಲ್ಕು ಡಿಗ್ರಿಗೆ ಇಳಿದಿರುವುದರಿಂದ, ಖಾಲಿ ಗೂಡಿನ ಸೀಸೆ ಈಗ ತಾನಾಗಿ ಕಳೆದುಕೊಳ್ಳುವುದು 3 ಮಿಲಿಲೀಟರ್ ಮಾತ್ರ. ಹುಡುಗಿ ಅದನ್ನೂ ಪುಸ್ತಕದ ಇನ್ನೊಂದು ಕಾಲಮಿನಲ್ಲಿ ಬರೆಯುತ್ತಿದ್ದಾಳೆ.